ಹಿಂಬದಿಯ ಕೆಂಪು ಸ್ವಿಚ್ಚು

ಮಗನ ಮನೆ, ಮೂರನೆಯ ಮಹಡಿ
ಭಾನುವಾರ, ಮಾರ್ಚ್ ೯

ರೀ, ನಮಸ್ಕಾರ.

ಮಂಡಿ ನೋವು ಹೇಗಿದೆ? ರಿಟೈರಾಗಲು ಏಳು ತಿಂಗಳಿರುವ ಲೈನ್‌ಮನ್ ಇನ್ನೂ ಕಂಬ ಹತ್ತಿ ಯಾರಿಗೂ ತಾಕತ್ತು ತೋರಿಸಬೇಕಾಗಿಲ್ಲ. ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ, ಒಳಗಲ್ಲ. ನಾನು, ಸೊಸೆ, ಮಗು ಚೆನ್ನಾಗಿದ್ದೇವೆ. ನಿಮ್ಮ ಮಗ ಮಾತ್ರ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಕಾರಣ ನನ್ನ ಕಂಪ್ಯೂಟರ್.

"ಆ ಡಬ್ಬ ಯಾಕೆ ಹೊತ್ಕೊಂಡ್ ಹೋಗ್ತೀಯ" ಎಂದು ಹೊರಡುವಾಗಲೇ ನೀವು ಅಂದಿದ್ದಿರಿ. ಪ್ರೆಸ್ಸಿನವರು ಕೊಟ್ಟ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅದರಲ್ಲಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ, ಡಾಕ್ಟರಮ್ಮನ ಆತ್ಮಕಥೆ ಅರ್ಧ ಅದರಲ್ಲೇ ಇದೆ, ಉಳಿದರ್ಧ ಏಪ್ರಿಲ್ ಒಳಗೆ ಕೊಡದಿದ್ದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ ಎಂದೆಲ್ಲ ಹೇಳಿದ್ದೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾನಿಟರ್ ಮಗನದೇ ಇತ್ತು. ಡಬ್ಬವನ್ನು ಸೀರೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದೆ. ಒಂದು ಪೆದ್ದತನವನ್ನೂ ಮಾಡಿದೆ, ನಗಬೇಡಿ: ಸ್ಟೆಬಿಲೈಸರನ್ನೂ ಹೊತ್ತು ತಂದೆ. ನಮ್ಮ ಬೀದಿಯ ಕರೆಂಟಿಗೆ ಅದಿಲ್ಲದೆ ಏನೂ ನಡೆಯುತ್ತಿರಲಿಲ್ಲವಲ್ಲ! ಇಲ್ಲಿ ಮಗನ ಅಡಾಪ್ಟರಿಗೆ ಪ್ಲಗ್ ಹಾಕಿದರೆ ಅದು ಟಕ್ ಟಕ್ ಎಂದು ಕೆಂಪು ದೀಪ ತೋರಿಸಿ ಕೂತುಬಿಟ್ಟಿತು. ಅದರ ಪ್ರಕಾರ ಈ ದೇಶಕ್ಕೆ ದೇಶವೇ ಲೋ ವೋಲ್ಟೇಜ್. ಮಗ ಅದನ್ನು ಕಿತ್ತು ನೇರವಾಗಿ ಹಾಕಿ ನೋಡಿದ. ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ. "ಸತ್ತೋಗಿದೆ ಬಿಡಮ್ಮ, ಗುಜರಿಗೆ ಹಾಕೋಣ. ಮಗು ನೋಡ್ಕೊಂಡು ಹಾಯಾಗಿರು" ಎಂದ. ಫೋನಿನಲ್ಲಿ ನೀವೂ ಅದೇ ರಾಗ ಎಳೆದಿರಿ. ನನಗೆ ಮೈಯೆಲ್ಲ ಉರಿಯಿತು. ಹಾಯಾಗಿರಬೇಕು ಎಂದು ನಾನು ಯಾರನ್ನು ಕೇಳಿದ್ದೆ?

ಮರುದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಮಗು ಮಲಗಿದ್ದಾಗ, ಇವರ ಮಿಕ್ಸಿಯನ್ನು ಬೋರಲು ಹಾಕಿ ತಳದಲ್ಲಿದ್ದದ್ದನ್ನು ಓದಿದೆ: ನೂರಹತ್ತು ವೋಲ್ಟ್. ನಮ್ಮಲ್ಲಿಯದರ ಅರ್ಧಕ್ಕೂ ಕಡಿಮೆ. ಆಮೇಲೆ ಕಂಪ್ಯೂಟರಿನ ಹಿಂಬದಿ ನೋಡಿದೆ. ವೈರು ಸಿಕ್ಕಿಸುವಲ್ಲಿ ಉಗುರಿನಷ್ಟು ಕೆಂಪು ಸ್ವಿಚ್ಚು, ಅದರ ಮೇಲೆ ಇನ್ನೂರಮೂವತ್ತು. ಇಪ್ಪತ್ತೆಂಟು ವರ್ಷದಿಂದ ಮನೆಯಲ್ಲಿ ಒಂದು ಬಲ್ಬು ಬದಲಿಸಲೂ ನೀವು ನನ್ನನ್ನು ಬಿಟ್ಟಿಲ್ಲ, "ನೀನು ಮುಟ್ಬೇಡ" ಎಂಬುದೇ ಮಂತ್ರ. ಮುಟ್ಟಿದೆ. ಪ್ಲಗ್ ಕಿತ್ತು, ಹೇರ್‌ಪಿನ್ನಿನಿಂದ ಸ್ವಿಚ್ಚನ್ನು ಆಚೆಗೆ ತಳ್ಳಿದೆ, ನೂರಹದಿನೈದು ಕಾಣಿಸಿತು. ಮತ್ತೆ ಪ್ಲಗ್ ಹಾಕಿ ಗುಂಡಿ ಒತ್ತಿದೆ. ಫ್ಯಾನ್ ಗುಂಯ್ ಎಂದಿತು. ಡಾಕ್ಟರಮ್ಮನ ಫೈಲು ನೂರ ಹನ್ನೆರಡನೆಯ ಪುಟದಲ್ಲಿ, ನಾನು ಬಿಟ್ಟಲ್ಲೇ ಇತ್ತು. ಸಂಜೆ ಮಗ ಬಂದು "ಸುಟ್ಟೋಗಿದ್ರೆ ಏನ್ಮಾಡ್ತಿದ್ದೆ?" ಎಂದು ರೇಗಿದ. "ಸತ್ತೋಗಿದೆ ಅಂದ್ಯಲ್ಲಪ್ಪ, ಸತ್ತದ್ದನ್ನ ಸುಡದೆ ಇನ್ನೇನ್ ಮಾಡ್ತಾರೆ?" ಎಂದೆ. ಅಂದಿನಿಂದ ಆ ಮುಖ. ನಾನಂತೂ ದಿನಕ್ಕೆ ಹತ್ತು ಪುಟ ಮುಗಿಸುತ್ತಿದ್ದೇನೆ.

ಮಗು ಥೇಟ್ ನಿಮ್ಮ ಹಾಗೇ ಹುಬ್ಬು ಗಂಟಿಕ್ಕುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪಕ್ಕದ ಮನೆ ಅಕ್ಕನನ್ನು ಕೇಳಿದೆ ಎಂದು ಹೇಳಿ.

ಸಿಟ್ಟಿನಲ್ಲಿರುವ,
ನಿಮ್ಮ ಮನೆಯವಳು

ತಾ.ಕ.: ಸಿಟ್ಟು ಕಂಪ್ಯೂಟರಿನದಲ್ಲ. ನಿನ್ನೆ ಹೊಸ ಪುಟಗಳನ್ನು ಕಳಿಸಿದರೆ ಪ್ರೆಸ್ಸಿನವರು ಏನು ಬರೆದರು ಗೊತ್ತೇ? "ನೀವು ಟೈಪಿಂಗ್ ಬಿಟ್ಟಿರಂತಲ್ಲಮ್ಮ, ನಿಮ್ಮ ಯಜಮಾನ್ರೇ ಬಂದು ಹೇಳ್ಹೋದ್ರು." ನನ್ನನ್ನು ಒಂದು ಮಾತೂ ಕೇಳದೆ! ಡಾಕ್ಟರಮ್ಮನ ಪುಸ್ತಕವನ್ನು ಇನ್ನೂ ಬೇರೆ ಯಾರಿಗೂ ಕೊಟ್ಟಿಲ್ಲವಂತೆ. ಈ ಕಾಗದ ಸಿಕ್ಕ ದಿನವೇ ಪ್ರೆಸ್ಸಿಗೆ ಹೋಗಿ, ಹೇಳಿದ ಬಾಯಿಂದಲೇ, ಅವಳು ಬಿಟ್ಟಿಲ್ಲ ಎಂದು ಹೇಳಿ ಬನ್ನಿ. ನಾನೇ ಬರೆದು ತಿಳಿಸಬಹುದಿತ್ತು. ಬರೆದಿಲ್ಲ. ನೀವೇ ಹೇಳಬೇಕು.