ಅಟ್ಟದಿಂದ ಇಳಿದ ಕಾಯಿ

ಹೊನ್ನವಳ್ಳಿ
೧೪ ಮಾರ್ಚ್ ೧೯೮೧

ಮಗಳು ಹಾಲಮ್ಮನಿಗೆ ನಿಮ್ಮಪ್ಪನ ಆಶೀರ್ವಾದ.

ಅದಿರಲಿ, ನಿನ್ನೆ ನಿನಗೆ ಬರೆಯುತ್ತ ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನರ್ಸ್ ಕೆಲಸ ಬಿಡಬೇಡ, ಈ ಬ್ಯಾಂಡಿನ ಹುಚ್ಚು ಸಾಕು ಎಂಬಲ್ಲಿಗೆ. ಆ ಕಾಗದವನ್ನು ಈಗ ನೀರೊಲೆಗೆ ಹಾಕಿ ಬಂದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿಬಳಸಿ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಮೂರು ವರ್ಷದಿಂದ ನೀನು ಡಬ್ಲಿನ್ನಿನಿಂದ ಎಲ್ಲವನ್ನೂ ಬರೆದಿದ್ದೀಯ. ಆಸ್ಪತ್ರೆಯ ಪಾಳಿ ಮುಗಿಸಿ, ಮಾಂಸದಂಗಡಿಯ ಮೇಲಿನ ಕೋಣೆಯಲ್ಲಿ ಮೂವರು ಐರಿಷ್ ಹುಡುಗರ ಜೊತೆ ಸೇರಿದ್ದು. ಒಬ್ಬನಿಗೂ ನೆಟ್ಟಗೆ ನುಡಿಸಲು ಬಾರದಿದ್ದದ್ದು. ನೀನು ನಾಲ್ಕು ತಂತಿಯ ಗಿಟಾರನ್ನು ಅಲ್ಲೇ ಕಲಿತದ್ದು. ಮೊದಲ ಕಚೇರಿಗೆ ಏಳೇ ಜನ ಬಂದು, ಅದರಲ್ಲಿ ಇಬ್ಬರು ಬಾಟಲಿ ಎಸೆದದ್ದು. ಪಂಕ್ ಎಂಬುದು ಮುಗಿದ ಮೇಲೆ ಬಂದ ಸಂಗೀತ ನಿಮ್ಮದು ಅಂದೆ. ಅದು ಶುರುವಾದದ್ದೇ ನನಗೆ ಗೊತ್ತಿಲ್ಲ, ಮುಗಿದದ್ದು ಎಲ್ಲಿಂದ ಗೊತ್ತಾಗಬೇಕು? ಊರಲ್ಲಿ ಕೇಳಿದವರಿಗೆ ಮಗಳು ಡ್ಯೂಟಿಯಲ್ಲಿದ್ದಾಳೆ ಅನ್ನುತ್ತಿದ್ದೆ. ನಾಚಿಕೆಯಿತ್ತು, ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ಮೊದಲ ರೆಕಾರ್ಡು ಬಂದಿದೆ, ಅಲ್ಲಿನ ರೇಡಿಯೋದವರು ಹಾಕಿದ್ದಾರೆ, ಇಂಗ್ಲೆಂಡಿನಲ್ಲಿ ಎರಡು ತಿಂಗಳು ಊರೂರು ನುಡಿಸಲು ಕರೆದಿದ್ದಾರೆ. ಆಸ್ಪತ್ರೆಯಲ್ಲಿ ಅಷ್ಟು ರಜೆ ಇಲ್ಲ. ಅಪ್ಪಾ, ನೀನು ಬೇಡವೆಂದರೆ ಹೋಗುವುದಿಲ್ಲ ಎಂದು ಬರೆದು ಕ್ಯಾಸೆಟ್ಟು ಕಳಿಸಿದೆ. ಅದನ್ನು ಕೇಳದೆಯೇ ನಾನು ಬೇಡವೆಂದು ಬರೆದಿದ್ದೆ.

ಇವತ್ತು ಪಕ್ಕದ ಮನೆ ಈರಣ್ಣನ ಟೇಪ್ ರೆಕಾರ್ಡರ್ ತಂದೆ. ಒಬ್ಬನೇ ಕೇಳೋಣವೆಂದರೆ ಅವನೂ ಹಿಂದೆಯೇ ಬಂದ. ಅಂಗಳದಲ್ಲಿ ಸಿದ್ದಕ್ಕ ಮತ್ತೆ ಹತ್ತು ಹದಿನೈದು ಹೆಂಗಸರು, ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿಕೊಂಡು, ಕೊಬ್ಬರಿಯ ಚಿಪ್ಪು ಒಡೆಯುತ್ತಿದ್ದರು. ಗುಂಡಿ ಒತ್ತಿದೆ. ನಿನ್ನ ಗಂಟಲು: ‘ಒಂದು, ಎರಡು, ಮೂರು, ನಾಕು!’ ಆಮೇಲೆ ಲೊಡಲೊಡ, ಲೊಡಲೊಡ. ಆಮೇಲೆ ಗುಡುಗು.

‘ಏನ್ಲಾ ಶ್ರೀರಂಗ, ಇದು ಹಾಡೋ, ಅಟ್ಟ ಮುರ್ಕೊಂಡು ಬಿದ್ದಿದ್ದೋ?’ ಎಂದ ಈರಣ್ಣ.

ಸಿದ್ದಕ್ಕ ಮಚ್ಚು ಕೆಳಗಿಟ್ಟಳು. ‘ನೀನ್ ಸುಮ್ಕಿರಣ್ಣ. ಅದು ನಮ್ ಹಾಲಿ ದನಿ! ಅಲ್ಲಾಡ್ಸ್ತಿರೋದು ನಮ್ ಕಾಯಿ ಕಣಣ್ಣೋ! ಒಳಗೇ ಒಣಗಿ ಕೊಬ್ರಿ ಚಿಪ್ಪು ಬುಟ್ಟೈತೆ, ಅದ್ಕೇ ಲೊಡಲೊಡ ಅಂತೈತೆ. ಇಂಥದ್ನ ಇನ್ನೂ ಅಟ್ಟದ ಮ್ಯಾಲೆ ಯಾರಾದ್ರೂ ಇಕ್ಕಂತಾರಾ? ಇಳಿಸ್ಬುಡ್ಬೇಕು.’

ಎರಡು ವರ್ಷದ ಹಿಂದೆ, ಹಡಗಿನಲ್ಲಿ ಕೆಡದಿರಲೆಂದು ಚಿಪ್ಪಿನ ಸಮೇತ ಕಳಿಸಿದ ಮೂರು ಕಾಯಿ! ತಿನ್ನುವ ಪದಾರ್ಥವೆಂದು ತಿಳಿಯದೆ ನಿಮ್ಮ ಡ್ರಮ್ಮಿನ ಹುಡುಗ ಅಲ್ಲಾಡಿಸುತ್ತಿದ್ದಾನೆಂದು ನೀನು ಬರೆದಾಗ ಅವನನ್ನು ಬೈದುಕೊಂಡಿದ್ದೆ. ಇವತ್ತು ಸಿದ್ದಕ್ಕನ ಮಾತು ಕೇಳಿ ಟೇಪು ನಿಲ್ಲಿಸಿದೆ. ಅವಳು ಹೇಳಿದ್ದು ಕಾಯಿಯ ವಿಷಯ. ನನಗೆ ಕೇಳಿಸಿದ್ದು ನಿನ್ನ ವಿಷಯ.

‘ಇನ್ನೊಂದ್ಸಲ ಹಾಕಣ್ಣ!’ ಎಂದು ಹೆಂಗಸರೆಲ್ಲ ಗದ್ದಲ. ಎರಡನೆಯ ಸಲಕ್ಕೆ ಮಚ್ಚುಗಳೆಲ್ಲ ನಿಮ್ಮ ತಾಳಕ್ಕೇ ಬಿದ್ದವು. ಮೂರನೆಯ ಸಲಕ್ಕೆ ಅದೇ ಈರಣ್ಣ ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದ. ಸೆಲ್ಲು ತೀರುವ ತನಕ ಹಾಕಿದೆವು. ಅಷ್ಟು ಜೋರಿನಲ್ಲೂ ಒಂದು ಕೊಬ್ಬರಿಗೂ ಏಟು ಬೀಳಲಿಲ್ಲ, ಎಲ್ಲ ಉಂಡೆಯುಂಡೆ! ನಾನು ಎದ್ದು ನಿಂತು ಮೂರು ವರ್ಷದ ಕಥೆಯನ್ನೆಲ್ಲ ಹೇಳಿಬಿಟ್ಟೆ, ಬಾಟಲಿ ಎಸೆದದ್ದೂ ಸೇರಿ. ‘ಯಾವನ್ಲಾ ಅವನು ಎಸೆದೋನು?’ ಎಂದು ಸಿದ್ದಕ್ಕ ಸೆರಗು ಬಿಗಿದಳು.

ಇಂಟರ್‌ಮೀಡಿಯೆಟ್ಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದು ತುಂಡು ಉಳಿದಿದೆ: ಐ ಹ್ಯಾವ್ ದಿ ಆನರ್ ಟು ಇನ್‌ಫಾರ್ಮ್ ಯು. ಮುಂದಿನದು ಮರೆತಿದೆ, ಕನ್ನಡದಲ್ಲೇ ಹೇಳುತ್ತೇನೆ. ಹೋಗು. ಕೆಲಸ ಬಿಟ್ಟು ಹೋಗು. ಜೋರಾಗಿ ನುಡಿಸು.

ಇನ್ನೂ ಬರೆಯುವುದಿತ್ತು. ಅಂಗಳದ ಚಿಪ್ಪಿನ ರಾಶಿ ಆಗಲೇ ಮಸುಕಾಯಿತು, ಕಾಗದದ ಮೇಲೆ ನನ್ನ ಅಕ್ಷರವೇ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.

ನಿನ್ನ ತಾಳಕ್ಕೆ ತಲೆದೂಗಿದ ಅಪ್ಪ,
ಶ್ರೀರಂಗಯ್ಯ

ಮರೆತಿದ್ದೆ. ಅಲ್ಲ, ಮುಚ್ಚಿಟ್ಟಿದ್ದೆ. ಆ ಮೂರು ಕಾಯಿ ನಿಮ್ಮವ್ವ ತೀರಿಕೊಳ್ಳುವ ಹಿಂದಿನ ವಾರ ತಾನೇ ಅಟ್ಟಕ್ಕೆ ಏರಿಸಿದವು. ಒಡೆಯಲು ನನಗೆ ಕೈ ಬರಲಿಲ್ಲ, ಅದಕ್ಕೇ ನಿನಗೆ ಕಳಿಸಿದೆ. ಡ್ರಮ್ಮಿನ ಹುಡುಗನಿಗೆ ಹೇಳು, ಮೆಲ್ಲಗೆ ಅಲ್ಲಾಡಿಸಬೇಕಿಲ್ಲ. ಅವಳಿಗೆ ಜೋರಾಗಿ ಮಾತಾಡಿಯೇ ಅಭ್ಯಾಸ.