ಕಪ್ಪು ಮೆತ್ತಿದ ಬೆರಳು

ಅಪ್ಪಾ,

ಸತ್ತೋರಿಗೆ ಕಾಗದ ಬರೆಯೋ ದಡ್ಡ ನಾನೊಬ್ಬನೇ ಇರಬೇಕು. ನಿಮ್ಮ ಭಾನುವಾರದ ಡ್ರಾಯಿಂಗ್ ಕ್ಲಾಸನ್ನ ಅಮ್ಮ ನನ್ನ ತಲೆಗೆ ಕಟ್ಟಿದ್ದಾಳೆ. ಇವತ್ತು ಒಬ್ಬ ಪುಟ್ಟ ಹುಡುಗಿ ಆಯಿಲ್ ಪೇಸ್ಟಲ್ ಬಣ್ಣದ ಕಡ್ಡೀಲಿ ಹಳದಿ ಸೂರ್ಯನ್ನ ಬಳಿದು, ಕಪ್ಪು ಬಣ್ಣ ಮೆತ್ತಿದ್ದ ಬೆರಳಲ್ಲೇ ತೀಡಿದಳು. ಸೂರ್ಯ ಕೊಚ್ಚೆಯಾದ. ನಾನು ಬಾಯಿ ತೆರೆಯೋ ಮೊದಲೇ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಅಣ್ಣಾ, ನೀವೂ ಮೇಷ್ಟ್ರ ಥರ ಸ್ಕೇಲಲ್ಲಿ ಹೊಡೀತೀರಾ?" ಅಂದಳು.

ದೊಡ್ಡ ಕಲಾವಿದರು ನೀವು! ನಾನು ಚಿಕ್ಕವನಿದ್ದಾಗ ಇದೇ ತಪ್ಪಿಗೆ ಇಡೀ ಕ್ಲಾಸಿನ ಮುಂದೆ ನನ್ನ ಬೆರಳಿನ ಗೆಣ್ಣು ಊದೋ ಹಾಗೆ ಬಾರಿಸಿದ್ರಿ. ತಪ್ಪೇನು ಅಂತ ಮಾತ್ರ ಹೇಳಲಿಲ್ಲ. ಆಮೇಲೆ ನಾನು ನಿಮ್ಮ ಕ್ಲಾಸಿನ ಕಡೆ ತಲೆ ಹಾಕಲಿಲ್ಲ.

ಅವಳ ಬೆರಳನ್ನ ಹಳೇ ಬಟ್ಟೇಲಿ ಒರೆಸಿ, "ಹಳದಿ ಮುಟ್ಟೋ ಮುಂಚೆ ಹಿಂಗೆ ಒರೆಸ್ಕೋ ಪುಟ್ಟಿ" ಅಂದೆ. ತಲೆಯಾಡಿಸಿದಳು.

ಅಷ್ಟೇ ಅಪ್ಪಾ. ಅರ್ಧ ನಿಮಿಷ ಹಿಡೀತು.