ಗಜ್ಜರಿಗೆ ತೋರಿಸಿದ ಕೆಂಪು ಕಾರ್ಡ್

"...ಶಬ್ದದ ಅರ್ಥಕ್ಕಿಂತ ಅದನ್ನು ಕೂಗಿದ ಧಾಟಿ ಮುಖ್ಯ" ಎಂದೋ, ಹೆಚ್ಚುಕಡಿಮೆ ಹಾಗೆಯೇ ಏನೋ ವಿಚಾರಣೆಯ ದಿನ ನೀವು ಅಂದಿರಿ, ಫುಟ್‌ಬಾಲ್ ಲೀಗಿನ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ. ಪೂರ್ತಿ ನೆನಪಿಲ್ಲ, ನಾನು ನಿಮ್ಮ ಬೆನ್ನ ಹಿಂದಿನ ಕಿಟಕಿ ನೋಡುತ್ತಿದ್ದೆ. ಅಹವಾಲು ಚಿಕ್ಕದು. ನಮ್ಮ ಗೋಲ್‌ಕೀಪರೂ ನಾಯಕನೂ ಆದ ಇಡ್ವಾಲ್ ಒಂದು ತರಕಾರಿಯ ಹೆಸರು ಕೂಗಿದನೆಂದು ಅವನನ್ನು ಮೈದಾನದಿಂದ ಹೊರಗಿಟ್ಟಿದ್ದೀರಿ. ಅವನು ರೆಫರಿಯ ಕ್ಷಮೆಯನ್ನು ಬರಹದಲ್ಲಿ ಕೇಳದಿದ್ದರೆ ಬರುವ ವರ್ಷ ನಮ್ಮ ಸಂಘಕ್ಕೇ ಲೀಗಿನಲ್ಲಿ ಜಾಗವಿಲ್ಲವೆಂದೂ ತೀರ್ಪಿತ್ತಿದ್ದೀರಿ.

ಆ ತರಕಾರಿ ನಾನು. ನಮ್ಮ ವೆಲ್ಷ್ ಮಾತಿನಲ್ಲಿ ಮೊರೊನ್ ಎಂದರೆ ಗಜ್ಜರಿ. ಕಲ್ಲುಗಣಿಯ ಈ ಊರಿನಲ್ಲಿ ಅರ್ಧ ಜನ ಜೋನ್ಸ್, ಮಿಕ್ಕವರು ರಾಬರ್ಟ್ಸ್. ಹಾಗಾಗಿ ಮನುಷ್ಯನನ್ನು ಅವನ ಕಸುಬಿನಿಂದಲೋ ಅಪ್ಪನ ಕಸುಬಿನಿಂದಲೋ ಕರೆಯುವುದು ವಾಡಿಕೆ. ನನ್ನ ಅಪ್ಪ ಪ್ರಾರ್ಥನಾಮಂದಿರದ ಹಿಂದಿನ ತುಂಡು ನೆಲದಲ್ಲಿ ಗಜ್ಜರಿ ಬೆಳೆದ. ಅವನು ಸತ್ತ ಮೇಲೆ ನೆಲ ಮಂದಿರಕ್ಕೆ ಹೋಯಿತು, ಹೆಸರು ನನಗೆ ಬಂತು. ಇಂಗ್ಲಿಷಿನಲ್ಲಿ ಅದೇ ಸದ್ದಿಗೆ ಶತಮೂರ್ಖನೆಂಬ ಅರ್ಥವಿರುವುದು ನಮಗೇನೂ ಗೊತ್ತಿಲ್ಲದ್ದಲ್ಲ. ಶಾಲೆಯಲ್ಲೇ ಅದನ್ನು ನಕ್ಕು ಮುಗಿಸಿದ್ದೇವೆ.

ಆ ಶನಿವಾರ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತ್ತು. ನಾನು ಎಡಗಡೆಯ ಬ್ಯಾಕ್, ಗೋಲಿನ ಎಡಬದಿ ಕಾಯುವವನು. ನನ್ನ ಹಿಂದಿನಿಂದ ಒಬ್ಬ ನುಸುಳುತ್ತಿದ್ದ. ಗಡಿಯಾಚೆಯ ಇಂಗ್ಲೆಂಡಿನಿಂದ ಬಂದ, ನಮ್ಮ ಮಾತು ಬಾರದ ರೆಫರಿ ನನ್ನ ಮಗ್ಗುಲಲ್ಲೇ ಇದ್ದರು. "ಏ ಮೊರೊನ್, ಕಣ್ಣೆಲ್ಲಿಟ್ಟಿದ್ದೀಯ? ಹಿಂದೆ ನೋಡೋ," ಎಂದು ಇಡ್ವಾಲ್ ಕೂಗಿದ. ಆ ಮಾತಿನಲ್ಲಿ ರೆಫರಿಗೆ ತಿಳಿದದ್ದು ಒಂದೇ ಶಬ್ದ, ಅದೂ ತಪ್ಪಾಗಿ. ಒಂದೇ ಕರೆಗೆ ಇಬ್ಬರು ಓಗೊಟ್ಟೆವು: ನಾನು ತಿರುಗಿದೆ, ಅವರು ಕೆಂಪು ಕಾರ್ಡ್ ತೆಗೆದರು. ಇಡ್ವಾಲ್ ಓಡಿಬಂದು ಇಂಗ್ಲಿಷಿನಲ್ಲಿ ವಿವರಿಸಿದ. "ಸಾರ್, ನಿಮಗಲ್ಲ. ಇವನು ಮೊರೊನ್. ಇವರಪ್ಪನೂ ಮೊರೊನ್." ರೆಫರಿ ಅದನ್ನೂ ಬರೆದುಕೊಂಡರು.

ನಿಮ್ಮೆದುರು ನಿಂತು, ಹೌದು, ಅದು ನಾನೇ ಎಂದೆ. ನೀವು ಗುರುತಿನ ಚೀಟಿ ಕೇಳಿದಿರಿ. ಅದರಲ್ಲಿ ಮೆರ್ವಿನ್ ರಾಬರ್ಟ್ಸ್ ಎಂದಿದೆ. ಊರೆಲ್ಲ ಬಲ್ಲ ಹೆಸರಿಗೆ ಪುರಾವೆಯನ್ನು ಯಾವ ಕಚೇರಿಯಿಂದ ತರಬೇಕಿತ್ತು? ಅಪ್ಪನ ಸಮಾಧಿಯ ಕಲ್ಲನ್ನು ಕಿತ್ತು ತರೋಣವೆಂದರೆ, ಅದರ ಮೇಲೂ ಪಾದ್ರಿ ಆ ಹೆಸರನ್ನು ಕೆತ್ತಲು ಬಿಟ್ಟಿರಲಿಲ್ಲ.

ತೀರ್ಪು ಬಂದ ಸಂಜೆ ಸಂಘದ ಕೋಣೆಯಲ್ಲಿ ಚಹಾ ಬಗ್ಗಿಸುತ್ತಿದ್ದ ನೆಸ್ಟ ಇಡ್ವಾಲ್‌ಗೆ ಹೇಳಿದಳು: "ಒಂದು ಸಾಲು ಗೀಚಿ ಬಿಸಾಕೋ ಮಾರಾಯ. ಸಂಘ ಉಳ್ಕೊಳ್ಳುತ್ತೆ."

"ಏನಂತ ಗೀಚಲಿ ನೆಸ್ಟಕ್ಕ? ಗಜ್ಜರಿ ಅಂದಿದ್ದಕ್ಕೆ ಕ್ಷಮಿಸಿ ಅಂತಲಾ?"

"ಹೂಂ. ಇನ್ಮೇಲೆ ಆಲೂಗಡ್ಡೆ ಅಂತೀನಿ ಅಂತ್ಲೂ ಸೇರಿಸು."

ಎಲ್ಲರೂ ನಕ್ಕರು. ಇಡ್ವಾಲ್ ನನ್ನ ಕಡೆ ನೋಡಿದ. "ಬರೆದ್ರೆ ನಾನು ನಿನ್ನನ್ನ ದಡ್ಡ ಅಂತಲೇ ಕರೀತಿದ್ದೆ ಅಂತ ಆಗುತ್ತಲ್ಲೋ. ನಿಮ್ಮಪ್ಪನ್ನೂ."

ಬರೆ ಎಂದು ಹೇಳುವ ಹಕ್ಕು ಅಲ್ಲಿ ನನಗೊಬ್ಬನಿಗೇ ಇತ್ತು. ನಾನು ಚಹಾ ಕುಡಿದೆ.

ಈಗ ನಿಮ್ಮ ಸುತ್ತೋಲೆಯ ಪ್ರಕಾರ ಮೈದಾನದಲ್ಲಿ ನೋಂದಾಯಿತ ಹೆಸರನ್ನೇ ಕೂಗಬೇಕು. ಕಳೆದ ವಾರ ಹೊಸ ಗೋಲ್‌ಕೀಪರ್ "ಮೆರ್ವಿನ್, ಮೆರ್ವಿನ್" ಎಂದು ಅರಚಿದ. ಯಾರನ್ನೋ ಕರೆಯುತ್ತಿದ್ದಾನೆ ಅಂದುಕೊಂಡೆ. ಗೋಲಾಯಿತು. ಶಿಸ್ತು ಮಾತ್ರ ನಿರ್ದೋಷವಾಗಿತ್ತು, ಅಭಿನಂದನೆಗಳು.

ತೀರ್ಪನ್ನು ಹಿಂತೆಗೆದುಕೊಳ್ಳಿ ಎಂಬುದು ನಮ್ಮ ಬೇಡಿಕೆ. ನೀವು ಹಿಂತೆಗೆದುಕೊಳ್ಳುವುದಿಲ್ಲ ಎಂಬುದೂ ಗೊತ್ತು. ಹಾಗಾದರೆ ಒಂದು ಸಂಗತಿಯನ್ನಾದರೂ ಸ್ಪಷ್ಟಪಡಿಸಿ. ಬರುವ ಶನಿವಾರ ಈ ವರ್ಷದ, ಬಹುಶಃ ಸಂಘದ, ಕೊನೆಯ ಆಟ. ಒಳಗೆ ಬರುವಂತಿಲ್ಲದ ಇಡ್ವಾಲ್ ಕಲ್ಲುಗೋಡೆಯಾಚೆ ರಸ್ತೆಯಲ್ಲಿ ನಿಂತು ನೋಡುತ್ತಾನೆ. ಬಾಯಿ ಕಟ್ಟಿಕೊಂಡು ನಿಲ್ಲುವ ಆಸಾಮಿಯಲ್ಲ. ಅಲ್ಲಿಂದ ಅವನು ನನ್ನನ್ನು ಕರೆದರೆ, ನಾನು ತಿರುಗಿ ನೋಡಬಹುದೇ?

ಇಂತಿ,
ತೀರ್ಪಿಗೆ ತಲೆ ಬಾಗಿಸಿದರೂ ಕಿವಿಯನ್ನು ಬಾಗಿಸಲಾರದ,
ಎಡಗಡೆಯ ಬ್ಯಾಕ್